ಧ್ವನಿವರ್ಧಕ ತಿದ್ದಿಕೊಳ್ಳದ ಮಾತು

ರೈಲು ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಧ್ವನಿವರ್ಧಕದಲ್ಲಿ ಹೇಳಿ, ಅದು ಎರಡನೆಯದಕ್ಕೆ ಬಂದರೆ, ಹೇಳಿದವನು ಏನು ಮಾಡಬೇಕು? ಅದೇ ಧ್ವನಿವರ್ಧಕದಲ್ಲಿ, ಅಷ್ಟೇ ದೊಡ್ಡ ದನಿಯಲ್ಲಿ, ಆ ಕ್ಷಣವೇ ತಿದ್ದಿ ಹೇಳಬೇಕು. ಚಿಕ್ಕಜಾಜೂರಿನಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ನನ್ನ ಮೇಲಿನವರು ಕಲಿಸಿದ ಮೊದಲ ಪಾಠ ಇದು. "ತಪ್ಪನ್ನ ಮೈಕಲ್ಲಿ ಕೂಗಿ, ತಿದ್ದುಪಡೀನ ಕಿವೀಲಿ ಹೇಳ್ಬ್ಯಾಡ ಕಣಯ್ಯ" ಅನ್ನುತ್ತಿದ್ದರು. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾಗುವವರೆಗೂ ನಾನು ಅದನ್ನು ಬಿಡಲಿಲ್ಲ. ಮುದುಕಿಯೊಬ್ಬಳು ತಪ್ಪು ಪ್ಲಾಟ್‌ಫಾರ್ಮಿಗೆ ಓಡಿ ರೈಲು ತಪ್ಪಿಸಿಕೊಂಡರೆ ಅದು ಅವಳ ತಪ್ಪಲ್ಲ, ಹೇಳಿದವನ ತಪ್ಪು.

ಈ ವರ್ಷ ನಮ್ಮೂರಿನ ಸ್ಟೇಷನ್ನಿನಲ್ಲಿ ಒಂದು ತಪ್ಪು ಪ್ರಕಟಣೆ ಆಯಿತು. ಅದು ರೈಲಿನದಲ್ಲ, ಮನುಷ್ಯನೊಬ್ಬನದು. ಅದನ್ನು ಇವತ್ತಿನವರೆಗೂ ಯಾರೂ ತಿದ್ದಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಹೊಳಲ್ಕೆರೆ, ಹೊಸದುರ್ಗದ ಕಡೆಯದು ಎಂದರೆ ಸಾಕು. ಹೆಸರು ಬರೆದರೆ ಆ ಮನುಷ್ಯ ಯಾರೆಂದು ಗೊತ್ತಾಗುತ್ತದೆ, ಅವನಿಗೆ ಸಿಕ್ಕ ಗುರುತೇ ಈಗಾಗಲೇ ಹೆಚ್ಚಾಗಿದೆ.

ಅವನು ಹತ್ತಿ ಹಿಂಜುವವನು. ಅವನ ಅಪ್ಪನೂ ಅದೇ ಕೆಲಸದವನು, ನನ್ನ ಮದುವೆಯ ಹಾಸಿಗೆ ಹೊಲಿದುಕೊಟ್ಟವನು. ಈಗ ಎಲ್ಲ ಕಡೆ ಯಂತ್ರ ಬಂದಿದೆ. ಆದರೂ ಯಂತ್ರದಲ್ಲಿ ಹಾಕಿದರೆ ಹಳೆಯ ಹತ್ತಿಯ ಎಳೆ ತುಂಡಾಗುತ್ತದೆ ಎಂದು ನಮ್ಮ ಕಡೆಯ ಹಳಬರು ಇನ್ನೂ ಅವನನ್ನೇ ಕರೆಸುತ್ತಾರೆ. ಅವನು ಹುರಿ ಮೀಟಿ ಹತ್ತಿ ಬಿಡಿಸುವ ಆಳುದ್ದದ ಬಿಲ್ಲು ಹೆಗಲ ಮೇಲಿಟ್ಟುಕೊಂಡು ಬರುತ್ತಾನೆ. ಹಾಸಿಗೆ ಇರುವುದು ಮಲಗುವ ಕೋಣೆಯಲ್ಲಿ. ಅದನ್ನು ಎತ್ತಿಕೊಳ್ಳಲು ಅವನು ಒಳಮನೆಗೆ ಬರಲೇಬೇಕು. ಹಿತ್ತಲಲ್ಲಿ ಕೂತು ದಿನವಿಡೀ ಹಿಂಜುತ್ತಾನೆ. ಮನೆಯಲ್ಲಿ ಬಾಣಂತಿ ಇರಲಿ, ಹಾಸಿಗೆ ಹಿಡಿದ ಮುದುಕರಿರಲಿ, ಬೀರುವಿನ ಬಾಗಿಲು ತೆರೆದಿರಲಿ, ಅವನಿದ್ದಾನೆ ಎಂದು ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅಷ್ಟು ನಂಬಿಕೆ ಇಲ್ಲದಿದ್ದರೆ ಆ ಕೆಲಸವೇ ಇಲ್ಲ.

ದೂರದ ಒಂದು ನಗರದಲ್ಲಿ ಬಾಂಬ್ ಸಿಡಿದು ಜನ ಸತ್ತ ಮೇಲೆ ಎಲ್ಲ ಸ್ಟೇಷನ್ನುಗಳಿಗೂ ಎಚ್ಚರಿಕೆ ಬಂತು. ಬರಬೇಕಾದದ್ದೇ. ಸತ್ತವರಲ್ಲಿ ಮಕ್ಕಳಿದ್ದರು. ಟಿವಿಯಲ್ಲಿ ಅದನ್ನು ನೋಡಿ ನಾನು ಅವತ್ತು ಊಟ ಬಿಟ್ಟವನು. ಬಾಂಬ್ ಇಟ್ಟವರ ಬಗ್ಗೆ ನನಗೆ ಒಂದು ಚೂರೂ ಕನಿಕರವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಹೇಳಿದ ಕೂಡಲೇ "ಹಾಗಾದರೆ ನೀವು ಅವರ ಪರವೇ?" ಎಂದು ಕೇಳುವವರು ಈಗ ಬೀದಿಗೊಬ್ಬರಿದ್ದಾರೆ. ನಮ್ಮ ಸ್ಟೇಷನ್ನಿಗೂ ಬೇರೆ ಜಿಲ್ಲೆಯಿಂದ ಕೆಲವು ಪೊಲೀಸರು ಬಂದರು. ಬ್ಯಾಗು ಬಿಚ್ಚಿಸಿದರು, ಮೊಬೈಲು ನೋಡಿದರು. ನನ್ನ ಊರುಗೋಲನ್ನೂ ತಟ್ಟಿ ನೋಡಿದರು. ತಟ್ಟಲಿ ಎಂದೆ.

ನಿವೃತ್ತನಾದ ಮೇಲೂ ನಾನು ಬೆಳಗಿನ ಪ್ಯಾಸೆಂಜರ್ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ಬರುತ್ತೇನೆ. ಅದು ಅಭ್ಯಾಸ. ಆವತ್ತು ಗಾಡಿ ತಡವಾಗಿತ್ತು. ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಹತ್ತಿ ಹಿಂಜುವವನು ಬಿಲ್ಲು ಒರಗಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಮತ್ತೋಡಿನ ಕಡೆಯ ಕುರಿಗಾಹಿಯೊಬ್ಬ. ಉಣ್ಣೆ ಕತ್ತರಿಸುವ ಕೆಲಸಕ್ಕೆ ರೈಲಿನಲ್ಲಿ ಹೊರಟಿದ್ದ. ಗಾಡಿ ತಡ ಎಂದು ತಿಳಿದ ಕೂಡಲೇ ಅವನು ತನ್ನ ಕಂಬಳಿ ಗಂಟನ್ನು ನೆಲದ ಮೇಲಿಟ್ಟು, ಅದರ ಮೇಲೆ ಕೋಲನ್ನು ಅಡ್ಡ ಇಟ್ಟ.

"ಏನ್ ಸಾಬ್ರೇ, ಒಂದೀಟು ಗಂಟು ನೋಡ್ಕಳ್ರಿ. ಊರೊಳಗೆ ಹೋಗಿ ಕುರಿ ಔಷ್ದಿ ತಗಂಡು ಬಂದ್‌ಬಿಡ್ತೀನಿ."

"ಹೋಗ್ ಬಾರಪ್ಪ ಗೌಡ. ನೀ ಬರಾಗಂಟ ನಾನ್ ಇಲ್ಲಿಂದ ಅಲ್ಲಾಡಲ್ಲ."

"ನೀವ್ ಅಲ್ಲಾಡಿದ್ರೂ ಚಿಂತಿಲ್ಲ, ಆ ಬಿಲ್ಲು ಮಾತ್ರ ಬಾರಿಸ್ಬ್ಯಾಡ್ರಿ. ಮಂದಿ ಕುಣಿಯಾಕ್ ಹತ್ತಿದ್ರೆ ಗಾಡಿ ಮತ್ತೂ ಲೇಟು."

ನಾನೂ ನಕ್ಕೆ. ಹೊರ ಊರಿನವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಕುರಿಗಾಹಿ ಕಂಬಳಿ ಮಡಚಿ ಕೋಲು ಅಡ್ಡ ಇಟ್ಟು ಹೋದರೆ ಅದನ್ನು ಯಾರೂ ದಾಟುವುದಿಲ್ಲ, ಸರಿಸುವುದಿಲ್ಲ, ಬಿಚ್ಚುವುದಂತೂ ಇಲ್ಲವೇ ಇಲ್ಲ. ಅದರೊಳಗೆ ಅವನ ದೇವರ ಭಂಡಾರ, ಅಂದರೆ ಪೂಜೆಯ ಅರಿಶಿನದ ಪುಡಿ, ಇರುತ್ತದೆ. ಹೊಲದ ಬದುವಿನಲ್ಲಾಗಲಿ, ಸಂತೆಯ ನಡುವಿನಲ್ಲಾಗಲಿ ಈ ಮಾತು ನಡೆಯುತ್ತದೆ. ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡವನು ಗಂಟಿನವನು ಬರುವವರೆಗೂ ಅಲ್ಲೇ ನಿಲ್ಲಬೇಕು. ಒಪ್ಪಿಕೊಂಡವನ ಜಾತಿ ಯಾವುದು ಎಂದು ಇದುವರೆಗೆ ಯಾರೂ ಕೇಳಿದ್ದಿಲ್ಲ.

ಇಬ್ಬರು ಪೊಲೀಸರು ಬಂದರು. ಗಂಟನ್ನು ನೋಡಿದರು. ಕಂಬಳಿಯ ಸಂದಿನಿಂದ ಒಂದು ತಗಡಿನ ಡಬ್ಬಿಯ ಮೂಲೆ, ಅದಕ್ಕೆ ಸುತ್ತಿದ ತಂತಿ ಕಾಣುತ್ತಿತ್ತು.

"ಯಾರದು ಇದು?"

"ಕುರುಬ್ರ ಗೌಡಂದು ಸಾ. ಔಷ್ದಿ ತರಾಕ್ ಹೋಗವ್ನೆ."

"ಬಿಚ್ಚು."

"ನಾನ್ ಬಿಚ್ಚಂಗಿಲ್ಲ ಸಾ. ಕೋಲು ಇಟ್ಟು ಹೋಗವ್ನೆ. ಅವ್ನೇ ಬಂದು ಬಿಚ್ಚಬೇಕು."

"ಒಳಗೆ ಏನಿದೆ ಗೊತ್ತಾ ನಿನಗೆ?"

"ನೋಡಿಲ್ಲ ಸಾ."

"ನೋಡಿಲ್ಲ, ಆದರೆ ಮುಟ್ಟೋಕೂ ಬಿಡಲ್ಲ. ಅಲ್ವಾ?"

"ಹೂಂ ಸಾ," ಎಂದು ಅವನು ಗಂಟಿನ ಮುಂದೆ ಬಂದು ನಿಂತುಕೊಂಡ.

ಅವನು ಮಾಡಿದ ತಪ್ಪು ಅಷ್ಟೇ. ಹತ್ತು ಹೆಜ್ಜೆ ಹಿಂದೆ ಸರಿದು "ನನಗೆ ಗೊತ್ತಿಲ್ಲ" ಅಂದಿದ್ದರೆ ಅವನನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಕಡೆಯ ಯಾವ ಮನುಷ್ಯನೂ ಹಾಗೆ ಅನ್ನುವುದಿಲ್ಲ.

ನಾನು ಹತ್ತಿರ ಹೋಗಿ, ನಾನು ಯಾರು, ಅವನು ಯಾರು, ಗಂಟು ಯಾರದು ಎಂದು ಹೇಳಿದೆ. "ಯಜಮಾನರೇ, ಗೆರೆಯಿಂದ ಆಚೆ ನಿಲ್ಲಿ" ಎಂದರು. ಗುರುತು ಕೇಳಿದರು. ಅವನು ಕಾರ್ಡು ತೆಗೆದುಕೊಟ್ಟ. ಒಬ್ಬ ಪೊಲೀಸ್ ಅದರಲ್ಲಿದ್ದ ಹೆಸರನ್ನು ಓದಿ ಇನ್ನೊಬ್ಬನ ಮುಖ ನೋಡಿದ. ನಾನು ಆ ನೋಟವನ್ನು ನೋಡಿದೆ. ಅದಾದ ಮೇಲೆ ಯಾರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಬಿಲ್ಲಿನ ಸಮೇತ ಜೀಪಿಗೆ ಹತ್ತಿಸಿದರು.

ಪ್ಲಾಟ್‌ಫಾರ್ಮ್ ಖಾಲಿ ಮಾಡಿಸಿದ್ದು ಸರಿ. ನಾನೇ ಕೆಲಸದಲ್ಲಿದ್ದರೂ ಅದನ್ನೇ ಮಾಡಿಸುತ್ತಿದ್ದೆ. ಆದರೆ ಜನ ಗಾಬರಿಯಿಂದ ಗೇಟಿನ ಬಳಿ ಕೂಡಿದ್ದಾಗ ಧ್ವನಿವರ್ಧಕದಲ್ಲಿ ಏನು ಹೇಳಿಸಿದರು? "ಸಂಶಯಾಸ್ಪದ ವಸ್ತು ಪತ್ತೆಯಾಗಿದೆ. ಸಂಶಯಾಸ್ಪದ ವ್ಯಕ್ತಿಯೊಬ್ಬನನ್ನು ವಶಕ್ಕೆ ಪಡೆಯಲಾಗಿದೆ." ಮತ್ತೆ ಮತ್ತೆ ಹೇಳಿಸಿದರು. ಜೀಪಿನಲ್ಲಿ ಕೂತವನ ಮುಖ ಎಲ್ಲರಿಗೂ ಕಾಣುತ್ತಿತ್ತು. ಮೊಬೈಲುಗಳು ಮೇಲೆದ್ದವು. ಗಾಡಿ ಬರುವ ಮೊದಲೇ ಆ ಚಿತ್ರ ಹಿರಿಯೂರು, ಚಿತ್ರದುರ್ಗ ಮುಟ್ಟಿತ್ತು. ಬಬ್ಬೂರಿನಲ್ಲಿರುವ ನನ್ನ ತಂಗಿ ಫೋನು ಮಾಡಿ, "ಅಣ್ಣಾ, ನಿಮ್ಮೂರಾಗೆ ಉಗ್ರಗಾಮಿ ಸಿಕ್ಕಿದ್ನಂತೆ?" ಎಂದು ಕೇಳಿದಳು.

ಕುರಿಗಾಹಿ ಔಷಧಿಯ ಬಾಟಲಿ ಹಿಡಿದುಕೊಂಡು ವಾಪಸು ಬಂದ. ಗುಂಪು ನೋಡಿ, "ಯಾರ್ ಸತ್ರಪ್ಪ?" ಎಂದ. ಬಾಂಬ್ ತಪಾಸಣೆಯವರು ಬಂದ ಮೇಲೆ ಅವನ ಕೈಯಲ್ಲೇ ಗಂಟು ಬಿಚ್ಚಿಸಿದರು. ಉಣ್ಣೆ ಕತ್ತರಿ, ಮುಚ್ಚಳ ಕಳಚದಂತೆ ತಂತಿ ಸುತ್ತಿದ ಭಂಡಾರದ ಡಬ್ಬಿ, ರೊಟ್ಟಿ, ಶೇಂಗಾ ಚಟ್ನಿ. ಒಬ್ಬ ಪೊಲೀಸ್ ನಕ್ಕುಬಿಟ್ಟ. ಕುರಿಗಾಹಿಗೆ ಚಹಾ ಕೊಡಿಸಿದರು, ಬೆನ್ನು ತಟ್ಟಿ ಗಾಡಿ ಹತ್ತಲು ಹೇಳಿದರು. ಅವನು ಹತ್ತಲಿಲ್ಲ. "ನಮ್ ಸಾಬ್ರು ಎಲ್ಲಿ? ಅವ್ರನ್ನ ಕರ್ಕಂಬರ್ರಿ, ಆಮೇಲೆ ನಾ ಹೋಗ್ತೀನಿ" ಎಂದು ಕೂತುಬಿಟ್ಟ. ವಿಚಾರಣೆ ಮುಗಿದ ಮೇಲೆ ಬಿಡುತ್ತೇವೆ ಎಂದರು. ಯಾವ ವಿಚಾರಣೆ? ಗಂಟು ಬಿಚ್ಚಿದ್ದಾಗಿತ್ತು, ಗಂಟಿನವನು ಎದುರಿಗೆ ಕೂತಿದ್ದ, ಒಳಗೆ ಇದ್ದದ್ದು ರೊಟ್ಟಿ. ಇನ್ನು ವಿಚಾರಿಸಲು ಉಳಿದಿದ್ದು ಹತ್ತಿ ಹಿಂಜುವವನ ಹೆಸರು ಒಂದೇ.

ಬಿಟ್ಟಿದ್ದು ಮಾರನೆಯ ದಿನ ಸಂಜೆ. ಫೋನನ್ನು ಇಟ್ಟುಕೊಂಡರು. ಬಿಲ್ಲಿನ ನರದ ಹುರಿಯನ್ನು ಕತ್ತರಿಸಿದ್ದರು. "ಯಾಕಪ್ಪ?" ಎಂದೆ. "ಒಳಗೆ ಏನಾರ ಸುತ್ತಿದೀನೋ ಅಂತ ನೋಡಿರ್ಬೇಕು ಮಾಸ್ಟ್ರೇ" ಎಂದ. ಹೊಡೆದರೇ ಎಂದು ಕೇಳಿದೆ. ಅವನು ಹುರಿಯ ತುದಿಗಳನ್ನು ಜೋಡಿಸಿ ನೋಡುತ್ತ ಕೂತ.

ಆಮೇಲಿನದು ಊರಿನ ಕಥೆ. ಅದನ್ನು ಹೇಳುವಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಬೇಸಿಗೆ ಹಾಸಿಗೆ ಹಿಂಜಿಸುವ ಕಾಲ. ಅವನು ಬೀದಿಯಲ್ಲಿ ಬಂದರೆ ಒಂದು ಮನೆಯಲ್ಲಿ ಅತ್ತೆಗೆ ಕೆಮ್ಮು, ಧೂಳಾಗುವುದಿಲ್ಲ. ಇನ್ನೊಂದು ಮನೆಯಲ್ಲಿ ಗಂಡ ಊರಲ್ಲಿಲ್ಲ. ಮತ್ತೊಂದರಲ್ಲಿ ಈಗ ಫೋಮಿನ ಹಾಸಿಗೆ ತಂದಾಗಿದೆ. ಅವನು ತಪ್ಪು ಮಾಡಿದ ಎಂದು ಯಾರೂ ಹೇಳಲಿಲ್ಲ. ಬಾಗಿಲು ಮಾತ್ರ ಅರ್ಧ ತೆರೆದು ಮಾತಾಡಿದರು.

ನನ್ನ ಮನೆಯಲ್ಲೂ ಹೀಗೇ ಆಯಿತು. "ಈ ವರ್ಷ ಹಾಸಿಗೆ ಬ್ಯಾಡ ಕಣ್ರೀ" ಎಂದಳು ಹೆಂಡತಿ.

"ಯಾಕೆ? ನಿನಗೂ ಅವನ ಮೇಲೆ ಅನುಮಾನವೋ?"

"ಕೂಗಾಡ್ಬ್ಯಾಡ್ರಿ. ಅವ್ನು ನಮ್ಮನೆ ಹುಡುಗ್ರನ್ನ ಎತ್ತಾಡ್ಸಿದೋನು. ಅವ್ನು ಬಂದ್ರೆ ನಂಗೇನ್ ಭಯ? ಅವ್ನ ಹಿಂದೆ ಯಾರ್ ಬರ್ತಾರೋ, ಅದು ಭಯ."

ಅವಳು ಹೇಳಿದ್ದು ಪೊಲೀಸರನ್ನು. ಎಲ್ಲೋ ಯಾರೋ ಬಾಂಬ್ ಇಟ್ಟರು. ನಮ್ಮನ್ನು ಅವರಿಂದ ಕಾಪಾಡಲು ಬಂದವರ ಭಯದಲ್ಲಿ ನನ್ನ ಹೆಂಡತಿ ಬಾಗಿಲ ಚಿಲಕ ನೋಡುತ್ತಿದ್ದಳು.

ಹೊಸ ಸ್ಟೇಷನ್ ಮಾಸ್ಟರ್ ಒಬ್ಬ ಹುಡುಗಿ, ಚುರುಕಾದವಳು. ಅವಳ ಹತ್ತಿರ ಹೋಗಿ, "ಅಮ್ಮ, ಅವನು ನಿರಪರಾಧಿ, ಗಂಟಿನಲ್ಲಿ ಏನೂ ಇರಲಿಲ್ಲ ಎಂದು ಮೈಕಲ್ಲಿ ಒಂದು ಮಾತು ಹೇಳಿಸು" ಎಂದೆ. ಅವಳು ಕುರ್ಚಿ ಕೊಟ್ಟು, ತಲೆ ತಗ್ಗಿಸಿ, "ಸರ್, ಅದನ್ನು ಹೇಳಿಸಿದ್ದು ನಾನಲ್ಲ. ತಿದ್ದೋಕೆ ನನಗೆ ಅಧಿಕಾರ ಇಲ್ಲ. ಮೇಲಿಂದ ಬರಬೇಕು" ಎಂದಳು. ಸುಳ್ಳು ಹೇಳಲಿಲ್ಲ. ನಾನು ಮೇಲಕ್ಕೆ ಹೊರಟೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಿತ್ರದುರ್ಗಕ್ಕೆ ಹೋದೆ. ಭದ್ರತೆಗೆ ಸಂಬಂಧಿಸಿದ ಅಧಿಕಾರಿಯೊಬ್ಬರು ಕೊನೆಗೂ ಒಳಗೆ ಕರೆದರು. ನನ್ನ ವಯಸ್ಸಿಗೆ ಗೌರವ ಕೊಟ್ಟು, "ಕುಂತ್ಕಳ್ರಿ" ಎಂದರು. ವಿಷಯ ಹೇಳಿದೆ.

"ಅವನನ್ನ ಬಿಟ್ಟಿದೀವಲ್ಲ ಯಜಮಾನ್ರೇ?"

"ಬಿಟ್ಟಿದ್ದು ಯಾರಿಗೂ ಗೊತ್ತಿಲ್ಲ ಸ್ವಾಮಿ. ಹಿಡಿದಿದ್ದು ಊರಿಗೆಲ್ಲ ಗೊತ್ತು. ಹಿಡಿದಿದ್ದನ್ನ ಕೂಗಿ ಹೇಳಿದಿರಿ, ಬಿಟ್ಟಿದ್ದನ್ನೂ ಕೂಗಿ ಹೇಳಿ. ರೈಲ್ವೆಯಲ್ಲಿ ಅದೇ ಕ್ರಮ."

"ಇದು ರೈಲು ಬಂತು ಹೋಯ್ತು ಅನ್ನೋ ವಿಷಯ ಅಲ್ಲ. ದೇಶದ ಭದ್ರತೆ. ನಾವು ಪ್ರತಿಯೊಂದಕ್ಕೂ ವಿವರಣೆ ಕೊಡ್ತಾ ಕೂತ್ರೆ ಕೆಲಸ ಮಾಡೋದು ಯಾವಾಗ?"

"ವಿವರಣೆ ಬೇಡ. ಒಂದೇ ವಾಕ್ಯ."

"ಇವತ್ತು ಒಂದು ವಾಕ್ಯ ಹೇಳಿದ್ರೆ ನಾಳೆ ಪೊಲೀಸರು ತಪ್ಪು ಮಾಡಿದ್ರು ಅಂತ ಜನ ನಂಬಿಕೆ ಕಳ್ಕೋತಾರೆ."

ಆ ಮಾತಿಗೆ ನಾನು ಎದ್ದು ನಿಂತೆ. ತಪ್ಪನ್ನು ತಿದ್ದಿದರೆ ನಂಬಿಕೆ ಹೋಗುತ್ತದಂತೆ! ನಾನು ಸೇವೆಯಲ್ಲಿದ್ದಷ್ಟು ಕಾಲ ಜನ ನನ್ನ ಪ್ರಕಟಣೆಯನ್ನು ನಂಬಿ ಗಂಟುಮೂಟೆ ಹೊತ್ತು ಸೇತುವೆ ಹತ್ತಿ ಇಳಿದರು. ನಾನು ತಪ್ಪಿದಾಗ ತಿದ್ದುತ್ತೇನೆ ಎಂದು ಗೊತ್ತಿದ್ದರಿಂದಲೇ ನಂಬಿದರು. ಅದನ್ನು ಅವರಿಗೆ ಹೇಳಿದೆ. ದನಿ ಸ್ವಲ್ಪ ಏರಿತ್ತು.

ಅವರ ದನಿ ಏರಲಿಲ್ಲ. "ಅಂದ ಹಾಗೆ, ನಿಮಗೂ ಅವನಿಗೂ ಏನು ಸಂಬಂಧ?" ಎಂದರು.

"ನನ್ನ ಹಾಸಿಗೆ ಹಿಂಜುವವನು."

"ಅಷ್ಟಕ್ಕೇ ಇಷ್ಟು ದೂರ ಬಂದ್ರಾ?"

ಆ ಪ್ರಶ್ನೆ ಕೋಣೆಯಲ್ಲೇ ಮುಗಿಯಲಿಲ್ಲ. ಕೆಲವು ದಿನಗಳಲ್ಲಿ ನಮ್ಮ ಮನೆಗೆ ಪೊಲೀಸಿನವನೊಬ್ಬ ಬಂದ. ಮಕ್ಕಳು ಎಲ್ಲಿದ್ದಾರೆ, ಮನೆಗೆ ಯಾರು ಯಾರು ಬಂದು ಹೋಗುತ್ತಾರೆ, ಫೋನ್ ಯಾವ ಹೆಸರಿನಲ್ಲಿದೆ ಎಂದೆಲ್ಲ ವಿಚಾರಿಸಿದ. ಹೆಂಡತಿ ಮಜ್ಜಿಗೆ ಕೊಟ್ಟಳು. ಕುಡಿದು, "ಬೇಜಾರ್ ಮಾಡ್ಕಬ್ಯಾಡ್ರಿ ಮಾಸ್ಟ್ರೇ, ಕೇಳ್ಕಂಬಾ ಅಂದ್ರು, ಬಂದೆ" ಎಂದ. ಸರ್ಕಾರದ ಸಂಬಳ ತಿಂದು ಸರ್ಕಾರದ ಗಡಿಯಾರ ನೋಡಿಕೊಂಡು ಬದುಕಿದವನು ನಾನು. ಒಂದು ವಾಕ್ಯ ಕೇಳಿದ್ದಕ್ಕೆ ನನ್ನ ಜಗುಲಿಯಲ್ಲಿ ಕೂತು ನನ್ನ ಸಂಬಂಧಗಳನ್ನು ಎಣಿಸಿದರು. ಪಕ್ಕದ ಮನೆಯವರು ಆಮೇಲೆ ಎರಡು ದಿನ ನನ್ನ ಜೊತೆ ಗೋಡೆಯ ಮೇಲಿಂದಲೇ ಮಾತಾಡಿದರು. ಹತ್ತಿ ಹಿಂಜುವವನಿಗೆ ಏನಾಗಿದೆ ಎಂಬುದರ ಒಂದು ಚಮಚ ರುಚಿ ನನಗೂ ಸಿಕ್ಕಿತು.

ಇದರಿಂದ ಹಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಸೋಮವಾರ ಸೋಮವಾರ ಚಿತ್ರದುರ್ಗಕ್ಕೆ ಹೋಗತೊಡಗಿದೆ. ಶಿಸ್ತಿನ ವಿಷಯದಲ್ಲಿ ನನ್ನನ್ನು ಸೋಲಿಸುವುದು ಸುಲಭವಲ್ಲ. ಗೇಟಿನವನು ನನ್ನನ್ನು ಕಂಡರೆ ತಾನೇ ಬೆಂಚು ಒರೆಸುತ್ತಿದ್ದ. ಅಧಿಕಾರಿ ಮಾತ್ರ ಮತ್ತೆ ಕರೆಯಲಿಲ್ಲ.

ಒಂದು ಭಾನುವಾರ ಹತ್ತಿ ಹಿಂಜುವವನು ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. ಮೆಟ್ಟಿಲ ಕೆಳಗೆ ನಿಂತ.

"ಮಾಸ್ಟ್ರೇ, ನಾಳೆ ಹೋಗ್ಬ್ಯಾಡ್ರಿ."

"ಯಾಕೆ? ಯಾರಾದ್ರೂ ಹೆದರಿಸಿದರೇ?"

"ಯಾರೂ ಹೆದ್ರಿಸಿಲ್ಲ. ನೀವು ಸೋಮ್ವಾರ ಹೋಗಿ ಬರ್ತೀರ. ಮಂಗ್ಳವಾರ ನನ್ನ ಕರೀತಾರೆ. ಏನಪ್ಪ, ನಿನ್ ಪರ ಯಾರೋ ಓಡಾಡ್ತಾವ್ರಂತೆ, ಎಷ್ಟು ಮಂದಿ ಅದೀರ, ಎಲ್ಲಿ ಸೇರ್ತೀರ ಅಂತಾರೆ. ಕೂರಿಸ್ಕಂತಾರೆ, ಸಂಜಿಗ್ ಬಿಡ್ತಾರೆ. ನೀವ್ ಹೋದಾಗೆಲ್ಲ ನನ್ ಹೆಸ್ರು ಮತ್ತೆ ಹೊಸ್ದಾಗ್ತೈತೆ. ಬಿಟ್ರೆ ಹಳೇದಾಗ್ತೈತೆ. ಹಳೇದಾಗ್ಲಿ ಬಿಡ್ರಿ."

"ನೀನು ತಪ್ಪು ಮಾಡಿಲ್ಲ ಕಣಯ್ಯ!"

"ಅದು ನಂಗೂ ಗೊತ್ತು, ನಿಮ್ಗೂ ಗೊತ್ತು, ಅವ್ರಿಗೂ ಗೊತ್ತು. ಅದ್ಕೇ ಅವ್ರಿಗೆ ಸಿಟ್ಟು."

ನ್ಯಾಯ ಕೇಳಿದರೆ ಅನ್ಯಾಯ ಹೆಚ್ಚಾಗುತ್ತದೆ, ಆದ್ದರಿಂದ ಕೇಳಬೇಡಿ ಎಂದು ಒಬ್ಬ ಪ್ರಜೆ ಕೈಮುಗಿದು ಬೇಡಿಕೊಳ್ಳುವ ಸ್ಥಿತಿಗೆ ನಾವು ಬಂದಿದ್ದೇವೆ. ಬಾಂಬ್ ಇಟ್ಟವರು ಇದಕ್ಕಿಂತ ಹೆಚ್ಚೇನು ಬಯಸಿದ್ದರು? ಇಷ್ಟು ದೂರದ ಈ ಊರಿನಲ್ಲಿ ಹಾಸಿಗೆಯ ಹತ್ತಿಗೂ ಪೊಲೀಸಿಗೂ ಜನ ಹೆದರಬೇಕು ಎಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಉಳಿದ ಕೆಲಸವನ್ನು ನಾವೇ ಅವರಿಗೆ ಮಾಡಿಕೊಟ್ಟೆವು.

ಆ ಸೋಮವಾರ ಹೋಗಲಿಲ್ಲ. ಹೋಗಬೇಡ ಎಂದು ಹೇಳುವ ಹಕ್ಕು ಅವನೊಬ್ಬನಿಗೇ ಇತ್ತು. ಬದಲಿಗೆ ಬೆಳಿಗ್ಗೆ ಅವನನ್ನು ಕರೆಸಿದೆ. ಹೊಸ ಹುರಿ ಕಟ್ಟಿದ ಬಿಲ್ಲು ತಂದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಮಲಗುವ ಕೋಣೆಗೆ ಹೋಗಿ, ಹಾಸಿಗೆಯ ಒಂದು ಕೊನೆ ತಾನೇ ಹಿಡಿದು, "ಬಾರಪ್ಪ, ಆ ಕಡೆ ಹಿಡ್ಕ" ಎಂದಳು. ಹಿತ್ತಲಿಗೆ ಒಯ್ಯಲು ಹೊರಟವನನ್ನು ನಾನು ತಡೆದೆ. ಮನೆಯಲ್ಲಿದ್ದ ಹಾಸಿಗೆ, ದಿಂಬುಗಳನ್ನೆಲ್ಲ ಬೀದಿಗೆ ಕಾಣುವಂತೆ ಮುಂದಿನ ಅಂಗಳದಲ್ಲಿ ಹಾಕಿಸಿದೆ. ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತೆ.

ಬಿಲ್ಲಿನ ಸದ್ದು ಬೀದಿಯ ಕೊನೆಯವರೆಗೂ ಹೋಯಿತು. ಹೋಗುವವರು ಬರುವವರು ನೋಡಿದರು. ಕೆಲವರು ನಿಂತರು. ಒಬ್ಬ ಹುಬ್ಬು ಹಾರಿಸಿ, "ಏನ್ ಮಾಸ್ಟ್ರೇ, ಮತ್ತೆ ಮದ್ವೆ ಗಿದ್ವೆನಾ?" ಎಂದು ನಕ್ಕು ಹೋದ. ಹತ್ತಿಯ ಎಳೆ ಕೂತು ಹತ್ತಿ ಹಿಂಜುವವನ ಹುಬ್ಬು, ಮೀಸೆ ಬೆಳ್ಳಗಾಗಿದ್ದವು. ಅವನು ತಲೆ ಎತ್ತದೆ ಹಿಂಜುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ಹೆಂಗಸು ಹೊರಗೆ ಬಂದಳು. ನಮ್ಮ ಗೇಟಿನ ಹತ್ತಿರ ಬಂದು, ಸ್ವಲ್ಪ ಹೊತ್ತು ಹತ್ತಿ ನೋಡಿ, "ಚೆನ್ನಾಗ್ ಬಿಡಿಸ್ತೀಯಪ್ಪ" ಎಂದಳು. "ನಮ್ಮನೇಲೂ ಎರಡು ಹಾಸಿಗೆ ಗಟ್ಟಿಯಾಗ್ಬಿಟ್ಟಾವೆ."

ಅವನ ಕೈ ನಿಂತಿತು. "ತಗಂಬರ್ಲೇನಮ್ಮ? ಒಳಗೆ ಅದಾವಾ?"

"ನೀ ಬರ್ಬ್ಯಾಡ, ನೀ ಬರ್ಬ್ಯಾಡ," ಎಂದು ಅವಳು ಬೇಗ ಬೇಗ ಹೇಳಿದಳು. "ನಮ್ಮೋರೇ ತಂದು ಇಲ್ಲಿ ಮಾಸ್ಟ್ರ ಅಂಗ್ಳಕ್ಕೆ ಹಾಕ್ತಾರೆ. ಇಲ್ಲೇ ಹಿಂಜಿ ಇಲ್ಲೇ ಇಟ್ಟಿರು, ಸಂಜಿಗೆ ನಾವೇ ಎತ್ಕಂತೀವಿ."

ನಾನು ಕುರ್ಚಿಯಿಂದ ಏಳುತ್ತಿದ್ದೆ. ಬಾಯಿಗೆ ಬಂದದ್ದನ್ನು ಹೇಳಿಯೂ ಬಿಡುತ್ತಿದ್ದೆ. ಅಷ್ಟರಲ್ಲಿ ಅವನೇ ನನ್ನ ಕಡೆ ಒಮ್ಮೆ ನೋಡಿ, ಸುಮ್ಮನಿರಿ ಎಂಬಂತೆ ಕೈ ಅಲ್ಲಾಡಿಸಿ, ಅವಳಿಗೆ ಹೇಳಿದ:

"ಆಗ್ಲಮ್ಮ, ಹಂಗೇ ಮಾಡ್ರಿ. ಒಳಗಾದ್ರೆ ನಿಮ್ಗೂ ಧೂಳು."

ಅವಳು ಹಾಸಿಗೆ ತರಿಸಲು ಹೋದಳು. ಅವನು ಬಿಲ್ಲು ಎತ್ತಿಕೊಂಡ.